ನನ್ನ ಕಡೆ ಗಿರಣಿ ಸ್ವಲ್ಪ ಜೋರು ಮಾಡು

ಹಿಟ್ಟಿನ ಗಿರಣಿಯ ಹಿಂದಿನ ಉಗ್ರಾಣಕ್ಕೆ ಒಂದು ದಿನ ಬೋರ್ಡು ಏರಿತು: 'ಸೌಂಡ್ ಇಂಜಿನಿಯರ್. ಇಲ್ಲಿ ಹಾಡುಗಳನ್ನು ಶುದ್ಧ ಮಾಡಿಕೊಡಲಾಗುವುದು.' ಮೂರನೆಯ ದಿನ ಮೊದಲ ಗಿರಾಕಿ ಬಂದ. ಸೈಕಲ್ಲಿನ ಹಿಂದೆ ನೀರೆತ್ತುವ ಪಂಪು ಕಟ್ಟಿಕೊಂಡು ಬಂದಿದ್ದ.

"ಸೌಂಡ್ ವಿಪರೀತ ಬರ್ತಿದೆ. ಸ್ವಲ್ಪ ಕಮ್ಮಿ ಮಾಡ್ಕೊಡಿ," ಎಂದ.

ಬೋರ್ಡಿನ ಒಡೆಯ ಅವನನ್ನು ಚೀಲದ ಮೇಲೆ ಕೂರಿಸಿಕೊಂಡು, ಹಾಡಿನಲ್ಲಿ ದನಿ ಬೇರೆ ವಾದ್ಯ ಬೇರೆ ಇರುತ್ತದೆಂದೂ, ಎರಡನ್ನೂ ಹದವಾಗಿ ಬೆರೆಸಿ ದನಿ ತಿಳಿಯಾಗಿ ಮೇಲೆ ನಿಲ್ಲುವಂತೆ ಮಾಡುವುದು ತನ್ನ ಕಸುಬೆಂದೂ ಅರ್ಧ ಗಂಟೆ ವಿವರಿಸಿದ. ಗಿರಾಕಿ ತಲೆದೂಗುತ್ತ ಎಲ್ಲವನ್ನೂ ಕೇಳಿ, "ಹಾಗಾದ್ರೆ ಪಂಪು ಸಂಜೆ ಬಂದು ತಗೊಂಡು ಹೋಗ್ಲಾ?" ಎಂದ.

ಅಂದಿನಿಂದ ಬೀದಿಯಲ್ಲಿ ಅವನ ಹೆಸರು ಇಂಜಿನಿಯರ್ ಎಂದೇ ಆಯಿತು. ವಯಸ್ಸು ಮೂವತ್ತೊಂಬತ್ತು. ಬೆಳಗ್ಗೆ ಹಿಟ್ಟಿನ ಚೀಲಗಳ ಬಾಯಿ ಕಟ್ಟುವುದು, ಮಧ್ಯಾಹ್ನ ಸಂಗೀತ ಶುದ್ಧ ಮಾಡುವುದು ಅವನ ದಿನಚರಿ. ಈ ವಿದ್ಯೆಯನ್ನು ಮೂರು ತಿಂಗಳು ಫೋನಿನಲ್ಲೇ ಕಲಿಸಿದ ಗುರುಗಳು ದೂರದ ಪಟ್ಟಣದಲ್ಲಿದ್ದರು. ಅವರ ಮುಖವನ್ನು ಇವನು ನೋಡಿರಲಿಲ್ಲ, ಇವನು ಶುದ್ಧ ಮಾಡಿದ ಹಾಡನ್ನು ಅವರು ಕೇಳಿರಲಿಲ್ಲ. ಹೀಗಾಗಿ ಇಬ್ಬರ ನಡುವೆ ಒಳ್ಳೆಯ ಗೌರವವಿತ್ತು.

ನಾನು ಗಿರಣಿಯ ಎದುರಂಗಡಿಯ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಿಂದ ಗಿರಣಿಯ ಬಾಗಿಲು, ಬೆಲ್ಟು, ಕಾಳು ಸುರಿಯುವ ತಗಡಿನ ತೊಟ್ಟಿ, ತೊಟ್ಟಿಯ ಪಕ್ಕ ನಿಂತ ದೊಡ್ಡಮ್ಮ, ಎಲ್ಲ ಕಾಣುತ್ತದೆ. ದೊಡ್ಡಮ್ಮ ಎಂದರೆ ಇಂಜಿನಿಯರನಿಗೆ ತಾಯಿಯ ಅಕ್ಕ. ಅವನ ತಾಯಿ ತೀರಿಕೊಂಡಾಗ ನಾಲ್ಕು ವರ್ಷದ ಅವನನ್ನು ತಂದು ಹಿಟ್ಟಿನ ಚೀಲದ ಮೇಲೆ ಮಲಗಿಸಿ ಬೆಳೆಸಿದವರು. ಬೀದಿಗೆಲ್ಲ ಅವರು ದೊಡ್ಡಮ್ಮನೇ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಅವರು ಒಬ್ಬರ ಕಿವಿಯಲ್ಲಿ ಹೇಳಿದ ಗುಟ್ಟು ಬೀದಿಯ ಕೊನೆಯ ಮನೆಯವರಿಗೂ ಮುಟ್ಟುತ್ತಿತ್ತು. ಅವರ ಬದುಕಿನಲ್ಲಿ ನಮಗೆ ತಿಳಿಯದಿದ್ದದ್ದು ಒಂದೇ. ಗಿರಣಿ ತಿರುಗುವಾಗ ಅವರ ತುಟಿ ಸದಾ ಅಲ್ಲಾಡುತ್ತಿತ್ತು. ಏನೋ ಹಾಡಿಕೊಳ್ಳುತ್ತಿದ್ದರು. ಏನೆಂದು ಮೂವತ್ತು ವರ್ಷದಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ. ಗಿರಣಿ ನಿಂತ ಕೂಡಲೇ ತುಟಿಯೂ ನಿಲ್ಲುತ್ತಿತ್ತು.

ಹೋದ ವರ್ಷ ಆ ದನಿ ಒಡೆಯಿತು. ಮೊದಲು ಶೀತ ಎಂದರು, ಆಮೇಲೆ ಹಿಟ್ಟಿನ ಧೂಳು ಎಂದರು. ದೊಡ್ಡಾಸ್ಪತ್ರೆಯ ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿ ಬೇರೆಯದೇ ಹೆಸರು ಹೇಳಿದರು.

"ಗಂಟಲಿನ ಪೆಟ್ಟಿಗೆ ತೆಗೀಬೇಕಾಗುತ್ತೆ. ಜೀವ ಉಳಿಯುತ್ತೆ. ದನಿ ಉಳಿಯಲ್ಲ."

ದೊಡ್ಡಮ್ಮ, "ಗಿರಣಿ ನಡೆಸಬಹುದಾ?" ಎಂದು ಕೇಳಿದರಂತೆ.

"ಧೂಳಿನ ಹತ್ರ ಹೋಗಬಾರದು."

"ನಾನು ಹೋಗಲ್ಲ ಡಾಕ್ಟ್ರೇ. ಅದೇ ನನ್ನ ಹತ್ರ ಬರುತ್ತೆ."

ಶಸ್ತ್ರಕ್ರಿಯೆಗೆ ಹನ್ನೆರಡು ದಿನ ಇತ್ತು. ಆಸ್ಪತ್ರೆಯಿಂದ ಬಂದ ಇಂಜಿನಿಯರ್ ನೇರವಾಗಿ ನನ್ನ ಅಂಗಡಿಗೆ ಬಂದು ಕತ್ತರಿಸಿ ಉಳಿದ ಬಟ್ಟೆಗಳ ಗಂಟನ್ನು ಕೇಳಿದ. ಉಗ್ರಾಣದ ಗೋಡೆಗೆಲ್ಲ ಹೊಡೆದರೆ ದನಿ ಪ್ರತಿಧ್ವನಿಸುವುದಿಲ್ಲವಂತೆ.

"ದೊಡ್ಡಮ್ಮನ ಹಾಡು ತೆಗೆದಿಡ್ತೀನಿ," ಎಂದ. "ಒಂದು ಅಕ್ಷರ ಮಸುಕಾಗಬಾರದು. ಇಷ್ಟು ದಿನ ಕಲಿತದ್ದು ಇದಕ್ಕಾದ್ರೂ ಆಗ್ಲಿ."

ಹೊಡೆದೆವು. ಅಂಗಿಯ ತುಂಡು, ಲಂಗದ ಅಂಚು, ಯಾರದೋ ಪ್ಯಾಂಟಿನ ಜೇಬು ಎಲ್ಲ ಗೋಡೆ ಸೇರಿದವು. ದೊಡ್ಡಮ್ಮನನ್ನು ಕರೆತಂದು ಮೈಕಿನ ಮುಂದೆ ನಿಲ್ಲಿಸಿದರೆ ಅವರು ಮೈಕನ್ನೂ ಜೇಬನ್ನೂ ನೋಡಿ, "ನಾನು ಹಾಡ್ತೀನಿ ಅಂತ ಯಾರು ಹೇಳಿದ್ದು?" ಎಂದರು.

"ತುಟಿ ಅಲ್ಲಾಡುತ್ತಲ್ಲ ದೊಡ್ಡಮ್ಮ."

"ಅದು ಬಾಯಿಗೆ ಹಿಟ್ಟು ಹೋಗದ ಹಾಗೆ ಊದ್ಕೊಳ್ಳೋದು."

"ಮೂವತ್ತು ವರ್ಷ ಊದಿದ್ಯಾ?"

"ಮೂವತ್ತು ವರ್ಷ ಹಿಟ್ಟು ಹಾರಿಲ್ವಾ?"

ಗಿರಣಿ ತಿರುಗದೆ ಅವರ ಬಾಯಿ ತೆರೆಯುವುದಿಲ್ಲ ಎಂಬುದು ಸ್ಪಷ್ಟವಾಯಿತು. ಸರಿ, ಗಿರಣಿ ಹಾಕಿ, ಮೈಕನ್ನು ಅವರ ಗದ್ದಕ್ಕೆ ತಾಗುವಷ್ಟು ಹತ್ತಿರ ಹಿಡಿದು ರೆಕಾರ್ಡ್ ಮಾಡಿದ. ಕೇಳಿದರೆ ಗುಡುಗಿನೊಳಗೆ ಒಂದು ಸೊಳ್ಳೆ ಇದ್ದಂತಿತ್ತು. ಅವನು ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ಗುಡುಗನ್ನು ಕತ್ತರಿಸಿದ. ಗುಡುಗಿನ ಜೊತೆ ಸೊಳ್ಳೆಯೂ ಹೋಯಿತು. ಕತ್ತರಿಸುವ ಮೊದಲಿನದನ್ನೂ ಆಮೇಲಿನದನ್ನೂ ಗುರುಗಳಿಗೆ ಫೋನಿನಲ್ಲಿ ಕೇಳಿಸಿದ.

"ನಿಮ್ಮ ದೊಡ್ಡಮ್ಮ ಗಿರಣಿ ಶ್ರುತಿಗೇ ಹಾಡ್ತಾರೆ ಕಣಯ್ಯ," ಎಂದರು. "ಇಬ್ಬರದೂ ಒಂದೇ ಸ್ವರ. ಅದನ್ನ ತೆಗೆದ್ರೆ ಇವರೂ ಹೋಗ್ತಾರೆ. ದನಿ ಬೇರೆ, ಸದ್ದು ಬೇರೆ ತಗೊಂಡ್ರೆ ಮಾತ್ರ ತಿಳಿಯಾಗಿ ಸಿಗುತ್ತೆ. ಆಮೇಲೆ ಹಾಡಿನ ನಡುನಡುವೆ ಬರೋ ಉಸಿರು ತೆಗೆದುಬಿಡು. ಉಸಿರು ಇದ್ರೆ ಹಾಡು ಚೊಕ್ಕ ಅನ್ಸಲ್ಲ."

ಆಗಲೇ ನಮ್ಮ ಇಂಜಿನಿಯರನ ಬುದ್ಧಿ ಜೀವಮಾನದಲ್ಲಿ ಒಂದು ಸಲ ಓಡಿತು. ಗಿರಣಿಯ ಸದ್ದನ್ನಷ್ಟೇ ಮೊದಲು ರೆಕಾರ್ಡ್ ಮಾಡಿಕೊಳ್ಳುವುದು. ಆಮೇಲೆ ಗಿರಣಿ ನಿಲ್ಲಿಸಿ, ಆ ಸದ್ದನ್ನು ದೊಡ್ಡಮ್ಮನ ಕಿವಿಗೆ ಹೆಡ್‌ಫೋನಿನಲ್ಲಿ ಬಿಡುವುದು. ಅವರಿಗೆ ಗಿರಣಿ ಕೇಳುತ್ತದೆ, ಮೈಕಿಗೆ ಕೇಳುವುದಿಲ್ಲ. ಬುದ್ಧಿ ಅಲ್ಲಿಗೆ ನಿಂತಿತು. ಹಾಡೆಂದರೆ ಹೆಚ್ಚೆಂದರೆ ಐದು ನಿಮಿಷ ಎಂಬ ಲೆಕ್ಕದಲ್ಲಿ ಧಾರಾಳವಾಗಿ ಹನ್ನೊಂದು ನಿಮಿಷ ಗಿರಣಿ ರೆಕಾರ್ಡ್ ಮಾಡಿ, ಸಾಕೆಂದು ಟೀ ಕುಡಿಯಲು ಹೋದ.

ರಜಾದಿನ ಬೆಳಗ್ಗೆ ದೊಡ್ಡಮ್ಮನಿಗೆ ಹೆಡ್‌ಫೋನ್ ಹಾಕಿ, ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿ, ತೊಟ್ಟಿಯ ಪಕ್ಕ ನಿಲ್ಲಿಸಿದ. ನನ್ನ ಕೈಗೆ ಮೈಕು ಕೊಟ್ಟ. ಅವರು ಕಣ್ಣು ಮುಚ್ಚಿದರು. ಅಭ್ಯಾಸದಿಂದ ಕೈ ತೊಟ್ಟಿಯ ಅಂಚಿಗೆ ಹೋಯಿತು. ತುಟಿ ಅಲ್ಲಾಡಿತು. ದನಿ ಒಡೆದಿತ್ತು ನಿಜ. ಆದರೆ ಕಿವಿಯೊಳಗಿನ ಗಿರಣಿಯನ್ನು ಮೀರಿಸಿ ಹಾಡುತ್ತಿರುವ ಹೆಂಗಸು ಅವರು. ಬೀದಿಯೋ ರಜಾದಿನದ ಬೀದಿ, ಒಂದು ಗಾಡಿ ಇಲ್ಲ. ಗಿರಣಿಯ ಷಟರು ಅರ್ಧ ಮಾತ್ರ ಇಳಿದಿತ್ತು. ಮೂವತ್ತು ವರ್ಷದ ಗುಟ್ಟು ಒಂದೊಂದಕ್ಷರ ತೊಳೆದಿಟ್ಟ ಹಾಗೆ ಹೊರಗೆ ಬಂತು.

'ಟಪಾಲಿನಣ್ಣ ತಂದ ಜೋಳ, ಹಿಂಡಿದರೆ ನೀರು,
ಊರ ಕಾಗದ ಓದೋ ಗಂಡಿಗೆ ಒಣಗಿಸೋರು ಯಾರು.'

ನಾನು ಮೈಕನ್ನು ಬೀಳಿಸುವುದರಲ್ಲಿದ್ದೆ. ಇಂಜಿನಿಯರ್ ಕಂಪ್ಯೂಟರಿನ ಪರದೆಯಲ್ಲಿ ಏಳುತ್ತಿದ್ದ ಗೆರೆಗಳನ್ನು ನೋಡಿ, "ಎಷ್ಟು ಸ್ಪಷ್ಟ," ಎಂದು ಪಿಸುಗುಟ್ಟಿದ. ಅವನ ಗಮನವೆಲ್ಲ ಗೆರೆಯ ಮೇಲಿತ್ತು.

'ಮೇಷ್ಟ್ರ ಹೆಂಡ್ತಿ ನಯದ ಹಿಟ್ಟು, ನಯದ ಹಿಟ್ಟು ಅಂತಾಳೆ,
ಮನೇಲಿ ಮಾತ್ರ ಮಾತಿಗೊಂದು ಕಲ್ಲು ಬೀಸ್ತಾಳೆ.'

'ತೂಕದ ಸಾಹೇಬ್ರು ಬಂದ್ರು ನೋಡು ತಕ್ಕಡಿ ಹಿಡಿಯೋಕೆ,
ಕೈಲಿ ಖಾಲಿ ಡಬ್ಬ ಯಾಕೆ, ಹಿಟ್ಟು ತುಂಬೋಕೆ.'

ಬೀದಿಯಲ್ಲಿ ಕಿಟಕಿಗಳು ತೆರೆದವು. ಮೇಷ್ಟ್ರ ಹೆಂಡತಿಯ ಕಿಟಕಿ ತೆರೆದು ಮತ್ತೆ ಮುಚ್ಚಿತು. ದೊಡ್ಡಮ್ಮ ಒಬ್ಬೊಬ್ಬ ಗಿರಾಕಿಗೂ ಎರಡೆರಡು ಸಾಲಿನಂತೆ ಇಡೀ ಊರನ್ನು ಬೀಸುತ್ತ ಹೋದರು. ನನ್ನದೂ ಇತ್ತು. ಅದು ಈಗ ಇಲ್ಲಿ ಅಗತ್ಯವಿಲ್ಲ. ಕೊನೆಗೆ ತಮ್ಮ ಸ್ವಂತ ತಮ್ಮನಿಗೆ ಬಂದರು:

'ತಮ್ಮ ಬರ್ತಾನೆ ಕ್ಷೇಮ ಕೇಳೋಕೆ ವರ್ಷಕ್ಕೊಂದು ಸಲ,
ಕೇಳಿ ಹೋಗ್ತಾನೆ ಗಿರಣಿ ಯಾರಿಗೆ, ಯಾರಿಗೆ ಹಿಂದಿನ ಹೊಲ.'

ಆಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

'ಇನ್ನು ನಮ್ಮ ಇಂಜಿನಿಯರು ಒಬ್ಬ ಇದ್ದಾನೆ...'

ಇಂಜಿನಿಯರ್ ಪರದೆಯಿಂದ ತಲೆ ಎತ್ತಿದ. ದೊಡ್ಡಮ್ಮ ಉದ್ದಕ್ಕೆ ಉಸಿರು ಎಳೆದುಕೊಂಡರು. ಸರಿಯಾಗಿ ಆ ಕ್ಷಣಕ್ಕೆ ಹನ್ನೊಂದು ನಿಮಿಷ ಮುಗಿಯಿತು. ಅವರ ಕಿವಿಯೊಳಗೆ ಗಿರಣಿ ನಿಂತಿತು. ತುಟಿಯೂ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಷಟರಿನ ಕೆಳಗೆ ಎಂಟು ಜೊತೆ ಕಾಲುಗಳು.

ಅವರು ಹೆಡ್‌ಫೋನ್ ತೆಗೆದು ತೊಟ್ಟಿಯೊಳಗೆ ಹಾಕಿ ಒಳಗೆ ಹೋದರು.

"ದೊಡ್ಡಮ್ಮ, ಆ ಒಂದು ಸಾಲು," ಎಂದು ಇಂಜಿನಿಯರ್ ಬಾಗಿಲಲ್ಲಿ ನಿಂತು ಕೇಳಿದ.

"ಯಾವ ಸಾಲು?"

"ನಂದು. ನನಗೆ ಏನಂತ ಹಾಡ್ತಿದ್ದೆ?"

"ಗಿರಣಿ ನಿಂತುಹೋಯ್ತು," ಎಂದರು ಒಳಗಿನಿಂದ. "ನಿಂತ ಮೇಲೆ ಏನು ಹಾಡೋದು."

ಮಧ್ಯಾಹ್ನಕ್ಕೆ ಟಪಾಲಿನವನು ಬಂದ. ರಜಾದಿನವಾದರೂ ಚೀಲ ಹೆಗಲಲ್ಲಿತ್ತು.

"ಹಾಡು ಚೆನ್ನಾಗಿದೆ," ಎಂದ. "ಆದ್ರೂ ಅದರ ಜೊತೆ ಗಿರಣಿ ಸದ್ದೂ ಸೇರಿಸ್ತೀಯಲ್ಲ, ನನ್ನ ಕಡೆ ಗಿರಣಿ ಸ್ವಲ್ಪ ಜೋರು ಮಾಡು ಕಣಪ್ಪ."

"ಜೋರು ಮಾಡಿದ್ರೆ ಮಾತು ಕೇಳ್ಸಲ್ವಲ್ಲ."

"ಅದಕ್ಕೇ ಹೇಳಿದ್ದು. ನಾನು ಕಾಗದ ಓದಿದ್ದು ಒಂದೇ ಸಲ, ಅದೂ ಅಂಟು ಬಿಟ್ಟಿದ್ದಕ್ಕೆ."

ಮೇಷ್ಟ್ರು ಬಂದು ಹೆಂಡತಿಯ ಪರವಾಗಿ ಇದನ್ನೇ ಕೇಳಿದರು. ಹೋಗುವಾಗ ಹಿಂದೆ ಮುಂದೆ ನೋಡಿ, ಮನೆಗೆ ಗೊತ್ತಾಗದ ಹಾಗೆ ತಮಗೊಂದು ಸ್ಪಷ್ಟವಾದ ಪ್ರತಿ ಬೇಕೆಂದೂ ಹೇಳಿದರು. ಮರುದಿನ ತೂಕದ ಇನ್‌ಸ್ಪೆಕ್ಟರು ಸರ್ಕಾರಿ ಜೀಪಿನಲ್ಲಿ ಬಂದು, ಕುರ್ಚಿ ಹಾಕಿಸಿಕೊಂಡು, ಕಡತ ಬಿಚ್ಚಿದರು.

"ಈ ಸ್ಥಳದಲ್ಲಿ ತಯಾರಾದ ಹಾಡಿನಲ್ಲಿ ಡಬ್ಬ ಅನ್ನೋ ಪದ ಇದೆ ಅಂತ ದೂರು ಬಂದಿದೆ."

"ಯಾರು ಕೊಟ್ಟಿದ್ದು ಸಾರ್?"

"ನಾನೇ."

"ವಿಚಾರಣೆ ಯಾರು ಮಾಡ್ತಾರೆ ಸಾರ್?"

"ಅದನ್ನೇ ಮಾಡ್ತಾ ಇರೋದು. ಡಬ್ಬ ತೆಗೆದು ಬೇರೆ ಏನಾದ್ರೂ ಹಾಕೋಕಾಗುತ್ತಾ?"

"ಹಾಡಿದ್ದನ್ನ ಬದಲಾಯಿಸೋಕಾಗಲ್ಲ ಸಾರ್. ಬೇಕಾದ್ರೆ ಗಿರಣಿ ಸದ್ದು ಮೇಲೆ ಹಾಕಬಹುದು."

"ಎಷ್ಟು ಹಾಕ್ತೀರಿ?"

"ಎಷ್ಟು ಬೇಕು ಸಾರ್?"

"ಕಾನೂನಿನ ಪ್ರಕಾರ ಪೂರ್ತಿ ಹಾಕಿ," ಎಂದು ಇನ್‌ಸ್ಪೆಕ್ಟರು ಕಡತ ಕಟ್ಟಿದರು.

ಇಂಜಿನಿಯರನಿಗೆ ಯಾರಿಗೂ ಇಲ್ಲ ಎನ್ನುವ ಅಭ್ಯಾಸವಿರಲಿಲ್ಲ. ಬಂದವರಿಗೆಲ್ಲ ಆಗಲಿ ಎಂದ. ಇದರ ನಡುವೆ ಅಕ್ಕನ ಕಾಯಿಲೆಯ ಸುದ್ದಿ ಕೇಳಿ ತಮ್ಮ ಬಂದಿಳಿದ. ಇಂಜಿನಿಯರನಿಗೆ ಇವನು ಸೋದರಮಾವ. ಉಗ್ರಾಣದ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಅಳಿಯ ಫೋನಿನಲ್ಲಿ ಮಾತಾಡುತ್ತಿದ್ದ.

"ದೊಡ್ಡಮ್ಮನ ಉಸಿರು ತೆಗೆದಾಯ್ತು ಗುರುಗಳೇ. ಎಲ್ಲ ಚೊಕ್ಕವಾಗಿ ಕತ್ತರಿಸಿದೆ. ಕೊನೇ ಉಸಿರು ಒಂದು ಉಳಿದಿದೆ. ಅದನ್ನೂ ತೆಗೀಲಾ, ಬಿಡ್ಲಾ?"

ಸೋದರಮಾವ ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ನೀರು ಕೊಟ್ಟೆ. ಅವನು ಲೋಟ ಕೈಯಲ್ಲೇ ಹಿಡಿದು, "ಹೊಲದ ವಿಷಯ ಏನಾದ್ರೂ ಹೇಳಿ ಹೋದ್ಲಾ?" ಎಂದು ಕೇಳಿದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ, "ಹಾಡಿನಲ್ಲಿ ಹೇಳಿದೀನಿ, ಕೇಳ್ಕೊಂಡು ಹೋಗು," ಎಂದು ಅಕ್ಕನ ಒಡಕು ದನಿ ಬಂತು. ಅವನು ಆ ಸಂಜೆಯ ಗಾಡಿಗೇ ಹೊರಟ.

ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಊರಿಗೆಲ್ಲ ಹಾಡು ಕೇಳಿಸಿತೆಂಬ ನಾಚಿಕೆಯೋ, ಗಂಟಲು ಕಟ್ಟಿದ್ದೋ, ಆಮೇಲೆ ಅವರು ಬಾಯಿ ಬಿಡಲಿಲ್ಲ. ಹೆಡ್‌ಫೋನ್ ಕಂಡರೆ ಮುಖ ತಿರುಗಿಸುತ್ತಿದ್ದರು. ಓದು ಬರಹ ಇಲ್ಲದವರು. ಬರೆದುಕೊಡು ಎನ್ನುವಂತೆಯೂ ಇರಲಿಲ್ಲ. ಆಸ್ಪತ್ರೆಗೆ ಹೊರಡುವ ದಿನ ಗಾಡಿಯ ಕಿಟಕಿ ಹಿಡಿದು ಇಂಜಿನಿಯರ್ ಇನ್ನೊಂದು ಸಲ ಕೇಳಿದ.

"ಬೈಗುಳ ಆದ್ರೂ ಪರವಾಗಿಲ್ಲ ದೊಡ್ಡಮ್ಮ. ಎರಡೇ ಸಾಲು."

ದೊಡ್ಡಮ್ಮ ಅವನ ಹುಬ್ಬಿನ ಮೇಲೆ ಕೂತಿದ್ದ ಹಿಟ್ಟನ್ನು ಸೆರಗಿನಲ್ಲಿ ಒರೆಸಿದರು. ಗಾಡಿ ಹೊರಟಿತು.

ಗಂಟಲಿನ ಪೆಟ್ಟಿಗೆ ತೆಗೆದರು. ಜೀವ ಉಳಿಯಿತು. ವೈದ್ಯರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ.

ಅವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಇಂಜಿನಿಯರ್ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಇದ್ದು ಹಾಡನ್ನು ಮುಗಿಸಿದ. ಕೊಟ್ಟ ಮಾತಿನಂತೆ ಟಪಾಲಿನವನ ಕಡೆ ಗಿರಣಿ ಜೋರು ಮಾಡಿದ, ಮೇಷ್ಟ್ರ ಹೆಂಡತಿಯ ಕಡೆ ಮಾಡಿದ, ಡಬ್ಬದ ಮೇಲೆ ಕಾನೂನಿನ ಪ್ರಕಾರ ಪೂರ್ತಿ ಹಾಕಿದ. ಮುಗಿದ ಮೇಲೆ ನನ್ನನ್ನು ಕರೆದು ಕೇಳಿಸಿದ. ಹನ್ನೊಂದು ನಿಮಿಷ ಗಿರಣಿ ತಿರುಗಿತು. ಕೊನೆಗೆ, 'ಇನ್ನು ನಮ್ಮ ಇಂಜಿನಿಯರು ಒಬ್ಬ ಇದ್ದಾನೆ', ಒಂದು ಉಸಿರು. ಅಷ್ಟೇ.

"ಇದಕ್ಕಾ ಇಷ್ಟು ಕಷ್ಟಪಟ್ಟಿದ್ದು?" ಎಂದೆ.

"ಎಲ್ಲರಿಗೂ ಮಾತು ಕೊಟ್ಟಿದ್ದೆ," ಎಂದ. "ಆ ಉಸಿರು ಮಾತ್ರ ತಿಳಿಯಾಗಿ ಬಂದಿದೆ ನೋಡಿ. ಗುರುಗಳು ತೆಗಿ ಅಂದ್ರು. ನಾನು ತೆಗೀಲಿಲ್ಲ."

ಬೀದಿಯಲ್ಲಿ ಗಿರಣಿಯ ಸದ್ದಿಲ್ಲದೆ ನಮಗೆಲ್ಲ ಕಿವಿ ಕೆಟ್ಟಂತಾಗಿತ್ತು. ಮನೆಮನೆಯ ಜಗಳ ಒಂದಕ್ಷರ ಬಿಡದೆ ಆಚೆ ಮನೆಗೆ ಕೇಳುತ್ತಿತ್ತು. ಇಷ್ಟು ವರ್ಷ ನಮ್ಮ ಮಾನವನ್ನು ಗಿರಣಿ ಕಾಪಾಡಿಕೊಂಡು ಬಂದಿತ್ತೆಂದು ಆಗ ಗೊತ್ತಾಯಿತು. ಹತ್ತು ದಿನ ಕಳೆದ ಮೇಲೆ ಟಪಾಲಿನವನು ಉಗ್ರಾಣದ ಬಾಗಿಲಿಗೆ ಬಂದು ನಿಂತ. ಸುಮ್ಮನೆ ಬೋರ್ಡು ಓದಿದ. ಆಮೇಲೆ ಕೇಳಿದ.

"ನಂದು ಅಳಿಸಿಬಿಟ್ಟಿಲ್ಲ ತಾನೇ?"

"ಇಲ್ಲ. ಗಿರಣಿ ಕೆಳಗಿದೆ."

"ಸ್ವಲ್ಪ ಗಿರಣಿ ತೆಗಿ. ಕೇಳೋಣ."

ಇಂಜಿನಿಯರ್ ತೆಗೆದ. 'ಹಿಂಡಿದರೆ ನೀರು' ಎಂದು ದೊಡ್ಡಮ್ಮ ಉಗ್ರಾಣದ ಗೋಡೆಯ ಲಂಗ, ಜೇಬುಗಳ ನಡುವೆ ಕೂಗಿದರು. ಟಪಾಲಿನವನು ನೆಲ ನೋಡುತ್ತ ನಿಂತಿದ್ದು, "ಇನ್ನೊಂದು ಸಲ ಹಾಕು," ಎಂದ. ಮೂರು ಸಲ ಕೇಳಿ ಹೋದ. ಮರುದಿನ ಮೇಷ್ಟ್ರ ಹೆಂಡತಿ ಬಂದರು. ಕಲ್ಲು ಬೀಸುವ ಸಾಲು ಬಂದಾಗ ಮೂಗು ಒರೆಸಿಕೊಂಡು, "ನಂದು ಸ್ವಲ್ಪ ದೊಡ್ಡದಾಗಿ ಇಡಪ್ಪ, ಬೇರೆಯವರಿಗಿಂತ," ಎಂದರು. ಇನ್‌ಸ್ಪೆಕ್ಟರು ಜೀಪಿನಿಂದ ಇಳಿಯದೆಯೇ ಡಬ್ಬ ಸ್ಪಷ್ಟವಾಗಿರಲಿ ಎಂದು ಹೇಳಿ ಹೋದರು. ಇಂಜಿನಿಯರ್ ಒಬ್ಬೊಬ್ಬರ ಮೇಲಿನ ಗಿರಣಿಯನ್ನೂ ಇಳಿಸಿದ. ಊರಿನವರೆಲ್ಲ ತಂತಮ್ಮ ಬೈಗುಳವನ್ನು ಸ್ವಚ್ಛವಾಗಿ ಪಡೆದುಕೊಂಡು ಹೋದರು. ಪಡೆಯದೆ ಉಳಿದವನು ಅದನ್ನು ಸ್ವಚ್ಛ ಮಾಡಿಕೊಟ್ಟವನೊಬ್ಬನೇ.

ತಿಂಗಳು ಕಳೆದು ದೊಡ್ಡಮ್ಮ ಬಂದರು. ಕತ್ತಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿತ್ತು. ಉಸಿರು ಈಗ ಅದರಡಿ ಕತ್ತಿಗೆ ಮಾಡಿದ ತೂತಿನಿಂದಲೇ. ಎಳೆದುಕೊಂಡರೆ ಬಟ್ಟೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿತ್ತು. ಯಾರ ಜೊತೆಯೂ ನಿಲ್ಲದೆ ನೇರವಾಗಿ ಗಿರಣಿಗೆ ಹೋಗಿ ಬೆಲ್ಟು ಎಳೆದು ನೋಡಿದರು. ಇಂಜಿನಿಯರ್ ಅಡ್ಡ ಬಂದು, ಡಾಕ್ಟ್ರು ಧೂಳು ಬೇಡ ಎಂದಿದ್ದಾರೆ ಎಂದ. ಅವರು ಅವನನ್ನು ಪಕ್ಕಕ್ಕೆ ಸರಿಸಿದ್ದು, ಚೀಲ ಸರಿಸುವ ಹಾಗಿತ್ತು.

ಟಪಾಲಿನವನು ಜೋಳ ತಂದಿದ್ದ. ಒಂದು ವಾರ ಬಿಸಿಲಿಗೆ ಹಾಕಿದ ಜೋಳ. ದೊಡ್ಡಮ್ಮ ಚೀಲಕ್ಕೆ ಕೈ ಹಾಕಿ, ಅವನ ಮುಖ ನೋಡಿ, ಎರಡೂ ಕೈಯಲ್ಲಿ ಬಟ್ಟೆ ಹಿಂಡುವ ಹಾಗೆ ಮಾಡಿ ತೋರಿಸಿದರು. ಅವನು ನಗಲು ಹೋದ, ಆಗಲಿಲ್ಲ.

ಗಿರಣಿ ತಿರುಗಿತು. ನಾವು ಏಳೆಂಟು ಜನ ಬಾಗಿಲಲ್ಲಿ ನಿಂತಿದ್ದೆವು. ದೊಡ್ಡಮ್ಮನ ಕೈ ತೊಟ್ಟಿಯ ಅಂಚಿಗೆ ಹೋಯಿತು. ತುಟಿ ಅಲ್ಲಾಡತೊಡಗಿತು.

ಏನೂ ಬದಲಾಗಿರಲಿಲ್ಲ. ಮೂವತ್ತು ವರ್ಷ ನಾವು ಕಂಡದ್ದೂ ಇಷ್ಟೇ. ಆದರೆ ಈಗ ಎಲ್ಲರಿಗೂ ಹಾಡು ಬಾಯಿಪಾಠವಾಗಿತ್ತು. "ಇದು ನಂದು," ಎಂದು ಟಪಾಲಿನವನು ನನ್ನ ಕಿವಿಯಲ್ಲಿ ಕೂಗಿದ. ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಖಾಲಿ ಕೈಯಲ್ಲಿ ಬಂದಿದ್ದ ಇನ್‌ಸ್ಪೆಕ್ಟರು ತಮ್ಮ ಸಾಲು ಬಂದಾಗ ಟೋಪಿ ತೆಗೆದರು. ಆಮೇಲೆ ನನ್ನದು ಬಂತು:

'ಎದುರಂಗಡಿ ದರ್ಜಿಯಣ್ಣ ಅಳತೆ ತಗೋತಾನೆ,
ಹೊಲಿಯೋ ಹೊತ್ತಿಗೆ ಕಿಟಕಿ ನೋಡ್ತಾ ತೋಳು ಮರೀತಾನೆ.'

ಅವರ ಕಣ್ಣು ಅಭ್ಯಾಸದಂತೆ ನನ್ನ ಕಿಟಕಿಯ ಕಡೆ ಹೋಯಿತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ನಾನು ಬಾಗಿಲಲ್ಲಿದ್ದೆ.

ತಮ್ಮನ ಹೊಲ ಮುಗಿಯಿತು. 'ಇನ್ನು ನಮ್ಮ ಇಂಜಿನಿಯರು ಒಬ್ಬ ಇದ್ದಾನೆ' ಎಂದು ತುಟಿ ಹೇಳಿದ್ದು ನಮಗೆಲ್ಲ ತಿಳಿಯಿತು. ಇಂಜಿನಿಯರ್ ಕಟ್ಟುತ್ತಿದ್ದ ಚೀಲವನ್ನು ಬಿಟ್ಟು ನೆಟ್ಟಗೆ ನಿಂತ. ದೊಡ್ಡಮ್ಮನ ಭುಜ ಮೇಲೆದ್ದಿತು, ಕತ್ತಿನ ಬಟ್ಟೆ ಒಳಗೆ ಹೋಯಿತು. ತುಟಿ ಮತ್ತೆ ಅಲ್ಲಾಡಿತು. ಆ ತುಟಿಗಳನ್ನು ನನ್ನಷ್ಟು ವರ್ಷ ನೋಡಿದವರಿಲ್ಲ. ನನಗೂ ಒಂದು ಅಕ್ಷರ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಪಕ್ಕಕ್ಕೆ ಬಂದು ನಿಂತ. ಮುಖದ ತುಂಬ ಹಿಟ್ಟಿತ್ತು.

"ಎಷ್ಟು ಸಾಲಿತ್ತು ನೋಡಿದ್ರಾ?" ಎಂದು ಕೂಗಿ ಕೇಳಿದ.

"ನಾಲ್ಕು."

"ನನಗೂ ನಾಲ್ಕೇ ಕಂಡಿತು. ಉಳಿದೋರಿಗೆಲ್ಲ ಎರಡೆರಡು."

"ಹೌದು."

"ಬೈದಿರೋದೇ ಇರಬೇಕು."

"ಇರಬೇಕು," ಎಂದೆ.

ಅವನು ತಲೆಯಾಡಿಸಿದ. ತೊಟ್ಟಿಯಲ್ಲಿ ಜೋಳ ತಳ ಮುಟ್ಟಿತ್ತು, ಕಲ್ಲಿನ ಸದ್ದು ಬೇರೆಯಾಗತೊಡಗಿತ್ತು. ದೊಡ್ಡಮ್ಮನ ತುಟಿ ಇನ್ನೂ ಅಲ್ಲಾಡುತ್ತಿತ್ತು. ಅವನು ಓಡಿಹೋಗಿ, ಯಾರದೆಂದೂ ನೋಡದೆ, ಕೈಗೆ ಸಿಕ್ಕ ಇನ್ನೊಂದು ಚೀಲವನ್ನು ತೊಟ್ಟಿಗೆ ಸುರಿದ.